ಕಪಾಟಿನ ಡಿಸ್ಟ್ರಿಬ್ಯೂಟರ್

ದೆವ್ವಗಿವ್ವ ಎಂದರೆ ನಗುವವನು ನಾನು. ರೇಸ್ ಕಾರುಗಳ ಎಂಜಿನ್ ರಿಪೇರಿ ನನ್ನ ಕಸುಬು. ಹೋದ ವರ್ಷ ಭಾವನ ಕಾರಿನಿಂದ ಕಿಡಿ ಹಂಚುವ ಹಳೆಯ ಡಿಸ್ಟ್ರಿಬ್ಯೂಟರ್ ತೆಗೆದು, ಸಿಲಿಂಡರಿಗೊಂದರಂತೆ ಕಾಯಿಲ್ ಕೂರಿಸಿದೆ. ಇನ್ನು ಆ ಕೆಲಸ ಕಂಪ್ಯೂಟರಿನದು. ಅದಿದ್ದ ತೂತಿಗೆ ಮುಚ್ಚಳ ಬಿಗಿದೆ.

ಬಿಚ್ಚುವ ಮೊದಲು ಅದರೊಳಗೆ ತಿರುಗುವ ಮುಳ್ಳು, ಅಂದರೆ ರೋಟರ್, ಎತ್ತ ಮುಖ ಮಾಡಿದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ವಾಪಸ್ ಹಾಕುವುದಿದ್ದರೆ ಮಾತ್ರ ಆ ಗುರುತು. ಅಂದು ಕೈ ರೂಢಿಯಂತೆ ಎಳೆದುಬಿಟ್ಟಿತು.

ಭಾವ ಕಾರು ಒಯ್ದ ಸಂಜೆ ನೋಡಿದರೆ, ಕಪಾಟಿನಲ್ಲಿಟ್ಟಿದ್ದ ಡಿಸ್ಟ್ರಿಬ್ಯೂಟರಿನ ರೋಟರ್ ಗೆರೆ ಬಿಟ್ಟು ಸರಿದಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಅಲ್ಲಿಗೆ ಬಿಸಿಲು ಬೀಳುವುದಿಲ್ಲ.

ಆಮೇಲೆ ಗಮನಿಸಿದೆ. ಅವರು ಕಾರು ಓಡಿಸುವಾಗ ಅದು ಬಿಸಿ, ನಿಲ್ಲಿಸಿದರೆ ತಣ್ಣಗೆ. ಅಕ್ಕನಿಗೆ ತಮಾಷೆಗೆ ಹೇಳಿದೆ. ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ನಿಮ್ಮ ಭಾವ ಫೋನ್ ಎತ್ತುತ್ತಿಲ್ಲ ಕಣೋ, ಸ್ವಲ್ಪ ಮುಟ್ಟಿ ನೋಡು."

"ತಣ್ಣಗಿದೆ, ಎಲ್ಲೋ ನಿಲ್ಸಿದಾರೆ ಬಿಡು."

ಒಮ್ಮೆಯೂ ತಪ್ಪಲಿಲ್ಲ.

ಹೋದ ವಾರ ಎಂಜಿನ್ ಯಾಕೋ ಸದ್ದು ಮಾಡುತ್ತಿದೆ ಎಂದು ಭಾವ ಕಾರು ತಂದರು. ಎಂಜಿನ್ ಕೆಳಗಿಳಿಸಿ, ಪೂರ್ತಿ ಬಿಚ್ಚಿ ಮೇಜಿನ ತುಂಬ ಹರಡಿದೆ. ಭಾವ ಎದುರಿಗೇ ಕುಳಿತು ಟೀ ಕುಡಿಯುತ್ತಿದ್ದರು. ಅಷ್ಟರಲ್ಲಿ ಅಕ್ಕನ ಫೋನ್ ಬಂತು.

"ಹೊರಟ್ರಾ?"

"ಎಲ್ಲಿಗೆ ಹೊರಡೋದು? ಕಾರು ಖಾಲಿ ಡಬ್ಬ ಆಗಿದೆ" ಎಂದು ನಗುತ್ತಲೇ, ಅಭ್ಯಾಸಬಲದಿಂದ ಕಪಾಟಿನೊಳಗೆ ಕೈ ಹಾಕಿದೆ.

ಬೆರಳಿಗೆ ಎದ್ದ ಬೊಬ್ಬೆ ಇನ್ನೂ ವಾಸಿಯಾಗಿಲ್ಲ.