ಭಟ್ಟಿ ಆರಿದ ದಿನಗಳು

"ಯಾರದು? ಹೊರಗೆ ಬನ್ನಿ ಮೊದಲು!"

ಅವಳ ಕೂಗಿಗೆ ಬೇಕರಿಯ ಕಮಾನು ಛಾವಣಿಯೇ ಮಾರ್ದನಿಸಿತು. ಆರಿ ತಣ್ಣಗಾಗಿದ್ದ ಇಟ್ಟಿಗೆಯ ದೊಡ್ಡ ಭಟ್ಟಿಯ ಬಾಯಿಂದ ಎರಡು ಕಾಲುಗಳು ಚಾಚಿಕೊಂಡಿದ್ದವು. ಉಳಿದ ಮನುಷ್ಯ ಒಳಗಿದ್ದ!

ತೆವಳಿಕೊಂಡು ಹೊರಬಂದವನ ಮೈಯೆಲ್ಲ ಮಸಿ. ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು.

"ನಾನು ಗಾರೆಯವನು ರೀ. ಭಟ್ಟಿ ಬಿರುಕು ಬಿಟ್ಟಿದೆ ಅಂತ ನಿಮ್ಮ ಸೋದರತ್ತೆ ಬರಹೇಳಿದ್ರು. ಆದ್ರೆ ಒಳಗೆ ಎಷ್ಟು ಚೆಂದ ಇದೆ! ಎಂಥ ಕೈ ಕಟ್ಟಿದ್ದೋ..."

'ಬಂದ ಮತ್ತೊಬ್ಬ!' ಅವಳಿಗೆ ರೇಗಿತು. ಮುತ್ತಾತ ಕಟ್ಟಿದ ದಪ್ಪ ಗೋಡೆ, ನೀಲಿ ಬಾಗಿಲು, ಗಿರಾಕಿಗಳು ಮೊಣಕೈ ಊರಿ ಊರಿ ಸವೆದ ಕಿಟಕಿಕಟ್ಟೆ... ಊರವರೆಲ್ಲ ನಿಂತು ಹೊಗಳುವವರೇ. ಬ್ರೆಡ್ ಕಂಕುಳಲ್ಲಿಟ್ಟುಕೊಂಡು ಹೊರಟುಹೋಗುವವರೇ.

"ಚೆಂದ ಅನ್ನೋಕೇನು, ಬಾಯಿ ನೋಯುತ್ತಾ? ಅಪ್ಪ ಹೋದಮೇಲೆ ನಸುಕಿಗೇ ಎದ್ದು ಹಿಟ್ಟು ನಾದೋಳು ನಾನು!"

ಅವನು ಅವಳ ಊದಿಕೊಂಡ ಮಣಿಕಟ್ಟುಗಳನ್ನು ನೋಡಿದ.

ಭಟ್ಟಿಗೆ ಮತ್ತೆ ಬೆಂಕಿ ಹಾಕದೆ ಕೆಲಸ ಶುರುವಾಯಿತು. ಅವನು ಒಂದೊಂದೇ ಇಟ್ಟಿಗೆ ಬಿಡಿಸಿ, ಒರೆಸಿ, ಸುಣ್ಣದ ಗಾರೆ ಮೆತ್ತಿ ಮತ್ತೆ ಕೂರಿಸುತ್ತಿದ್ದ. ಬೇಯಿಸುವುದು ನಿಂತರೂ ಅವಳು ಕೂರಲಿಲ್ಲ. ತಟ್ಟೆ ತಿಕ್ಕಿದಳು, ಹಲಗೆ ಉಜ್ಜಿದಳು.

"ಸ್ವಲ್ಪ ಕೂತ್ಕೊಳ್ಳಬಾರದಾ?" ಎಂದು ಅವನು ಕೇಳಿದರೆ,

"ಕೂತ್ರೆ ಏಳೋಕಾಗಲ್ಲ," ಎನ್ನುತ್ತಿದ್ದಳು.

ಆದರೂ ಅವನು ಬರುವ ಹೊತ್ತಿಗೆ ಅವಳ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. 'ಇದೇನು ನನಗೆ?' ಎಂದು ತನ್ನನ್ನೇ ಗದರಿಕೊಂಡಳು.

ಒಂದು ಬೆಳಿಗ್ಗೆ ಒಳಕೋಣೆಯಿಂದ ಅತ್ತೆಯ ಮಾತು ಕೇಳಿಸಿತು.

"ಈ ಕಟ್ಟಡ ಅಂದ್ರೆ ನಿಂಗೆ ಪ್ರಾಣ. ನಮ್ಮ ಹುಡುಗೀನ ಮಾಡ್ಕೋ, ಇದೂ ನಿಂದೇ ಆಗುತ್ತೆ!"

"ಕೊಡ್ತೀನಿ ಅಂದ್ರೆ ಬೇಡ ಅಂತೀನಾ ಅಮ್ಮ!" ಅವನು ನಕ್ಕ.

ಅವಳು ಉಜ್ಜುತ್ತಿದ್ದ ಹಲಗೆಯನ್ನು ಕೆಳಗಿಟ್ಟಳು. ಓಹೋ... ಇಷ್ಟು ದಿನ ಇವನು ನೋಡಿದ್ದು ಗೋಡೆಯನ್ನಾ?

ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಅವನೆದುರು ನಿಂತಳು.

"ನಿಮ್ಮಿಬ್ಬರ ಮಾತು ಕೇಳಿಸ್ತು. ನಾನು ಬೇಕರಿ ಮಾರ್ತಿದ್ದೀನಿ. ಈಗೇನ್ ಮಾಡ್ತೀರಿ?"

ಅವನು ಗಾರೆ ಮೆತ್ತುವ ಕರಣೆ ಕೆಳಗಿಟ್ಟ. "ಮಾರಿ."

"ಏನು?"

"ನಿಮಗೆ ಸಾಕಾಗಿದ್ರೆ ಮಾರಿಬಿಡಿ ರೀ. ಗಾರೆಯವನಿಗೆ ಗೋಡೆಗೇನು ಬರ? ನಾನು ಬೇಡ ಅನ್ನಲ್ಲ ಅಂದಿದ್ದು ಗೋಡೆಗಲ್ಲ..."

ಅಪ್ಪ ತೀರಿದಾಗಲೂ ಅಳದೆ ಹಿಟ್ಟು ಕಲಸಿದವಳು, ಈಗ ಬಿಕ್ಕಿ ಬಿಕ್ಕಿ ಅತ್ತಳು.

"ಬಿಡೋಕೂ ಮನಸ್ಸಿಲ್ಲ... ನಡೆಸೋಕೂ ಕೈಲಾಗ್ತಿಲ್ಲ. ತುಂಬಾ ಸುಸ್ತಾಗಿದೆ ನನಗೆ."

"ಗೊತ್ತು. ಇವತ್ತೇ ಏನೂ ತೀರ್ಮಾನ ಮಾಡಬೇಡಿ. ಗಾರೆ ಇನ್ನೂ ಒಣಗಬೇಕು. ಸುಮ್ನೆ ಮಲಗಿ."

ಅವಳು ಹಿಟ್ಟಿನ ಮೂಟೆಗೆ ಒರಗಿದಳು. ಕಣ್ಣು ಯಾವಾಗ ಮುಚ್ಚಿತೋ!

ಎಚ್ಚರವಾದಾಗ ಬಿಸಿಲು ನೆಲದ ಮೇಲೆ ಅರ್ಧಕ್ಕೆ ಬಂದಿತ್ತು. ಅವನು ಕಿಟಕಿಯ ಬಳಿ ಕೂತು, ಹೊರಗೆ ಬಂದವರಿಗೆ ಮೆಲ್ಲಗೆ ಎಂದು ಸನ್ನೆ ಮಾಡುತ್ತಿದ್ದ.

"ಎಲ್ಲರಿಗೂ ಏನ್ ಹೇಳಿದ್ರಿ?"

"ನಮ್ಮನೆಯವರು ಮಲಗಿದ್ದಾರೆ, ಗಲಾಟೆ ಮಾಡಬೇಡಿ ಅಂದೆ."

ಅವಳ ಕೆನ್ನೆ ಬಿಸಿಯಾಯಿತು. "ಯಾರ... ಮನೆಯವರು?"

ಅವನು ತಲೆ ತಗ್ಗಿಸಿದ. "ಬಾಯಿ ತಪ್ಪಿ ಬಂತು. ಆದ್ರೆ ಸುಳ್ಳು ಮಾಡೋ ಮನಸ್ಸಿಲ್ಲ. ನೀವು ಹೂಂ ಅಂದ್ರೆ... ನನ್ನ ಮನೆಯವರು. ಬೇಕರಿ ಇರಲಿ, ಹೋಗಲಿ."

ಅವಳು ಮತ್ತೆ ಹಿಟ್ಟಿನ ಮೂಟೆಗೆ ಒರಗಿದಳು.

"ಹೂಂ..."

"ನಿಜವಾಗ್ಲೂ?!"

"ಹೂಂ ಅಂದ್ನಲ್ಲ. ಈಗ ಇನ್ನೊಂಚೂರು ಮಲಗಲಾ?"

"ಮಲಗಿ. ನಾನಿಲ್ಲೇ ಇರ್ತೀನಿ."