ಗುಲಾಬಿ ಗಿಡದ ನೆಪ

ಗಂಡ ಮಾಡಿಕೊಂಡು ಬಂದ ಘನಂದಾರಿ ಕೆಲಸಕ್ಕೆ ದುಡ್ಡು ತೆರಬೇಕಾದವಳು ತಾನು! ಪರದೆ ಹೊಲಿಯುವ ಟೈಲರಮ್ಮನಿಗೆ ಮೈಯೆಲ್ಲ ಉರಿದದ್ದು ಇದಕ್ಕೇ. ಇನ್ನೊಬ್ಬಳ ಸಹವಾಸ ಮಾಡಿದ್ದನ್ನು ಅವನೇನೋ ಅತ್ತು ಒಪ್ಪಿಕೊಂಡು, ಬಟ್ಟೆಗಂಟು ಹೊತ್ತು ಸ್ನೇಹಿತನ ಮನೆ ಸೇರಿದ್ದ. ಅವನಿಂದ ತನಗೂ ಸೋಂಕು ಅಂಟಿದೆಯೋ ಏನೋ ಎಂಬ ದಿಗಿಲಿಗೆ ಅವಳ ಹೊಲಿಗೆಯೇ ಸೊಟ್ಟಗಾಗುತ್ತಿತ್ತು. ಆಸ್ಪತ್ರೆಯವರು ಪರೀಕ್ಷೆಗೆ ಕೇಳಿದ ಹಣವೋ, ಮನೆ ಬಾಡಿಗೆಗಿಂತ ಹೆಚ್ಚು.

ಹಣ ಕೇಳಿದ ಕಿಟಕಿಯ ಮೇಲೆಯೇ ಫಲಕವಿತ್ತು: ಗರ್ಭಿಣಿಯರಿಗೆ ಎಲ್ಲ ಪರೀಕ್ಷೆಗಳೂ ಉಚಿತ. ಸರಿ, ಹಾಗಾದರೆ ತಾನು ಗರ್ಭಿಣಿ!

ಹೊಟ್ಟೆಗೆ ದಿಂಬು ಕಟ್ಟಿಕೊಂಡು ಸಿಕ್ಕಿಬೀಳುವಷ್ಟು ಪೆದ್ದಿಯಲ್ಲ ಅವಳು. ಮೊದಮೊದಲು ಹೊಟ್ಟೆ ಕಾಣುವುದೇ ಇಲ್ಲವಲ್ಲ. ಗರ್ಭ ನಿಂತಿದೆಯೆಂದು ತೋರಿಸಲು ಬಸುರಿಯ ಮೂತ್ರ ಸಾಕು. ಪಕ್ಕದ ಬೀದಿಯಲ್ಲೇ ಅಕ್ಕನಿದ್ದಳು. ಈಚೆಗಷ್ಟೇ ಬಸುರಾದವಳು, ಇನ್ನೂ ಡಾಕ್ಟರ ಮುಖ ನೋಡಿರಲಿಲ್ಲ.

"ಗುಲಾಬಿ ಗಿಡಕ್ಕಾ?" ಅಕ್ಕ ಬಿದ್ದು ಬಿದ್ದು ನಕ್ಕಳು. "ಬಸುರಿ ಉಚ್ಚೆ ಹಾಕಿದ್ರೆ ಹೂ ಬಿಡುತ್ತೆ ಅಂತ ಯಾವ ಪುಣ್ಯಾತ್ಮ ಹೇಳಿದ್ನೇ ನಿಂಗೆ?"

"ಸುಮ್ನೆ ಕೊಡಕ್ಕಾ."

"ತಗೋ ಮಾರಾಯ್ತಿ. ಗಿಡಾನಾದ್ರೂ ನೆಟ್ಟಗೆ ಬೆಳೆಸು, ಗಂಡನ್ನಂತೂ ಆಗ್ಲಿಲ್ಲ. ನಿಮ್ಮ ಭಾವನ್ನ ನೋಡು, ಕೆಲಸ ಬಿಟ್ರೆ ಮನೆ, ಮನೆ ಬಿಟ್ರೆ ಕೆಲಸ. ಅಪ್ಪಟ ಚಿನ್ನ!"

ಈ ಚಿನ್ನದ ಪುರಾಣ ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. ಆದರೂ ಅಕ್ಕನೆಂದರೆ ಅವಳಿಗೆ ಜೀವ. ನಕ್ಕು ಬಾಟಲಿ ಇಸಿದುಕೊಂಡಳು.

ತಣ್ಣಗಿದ್ದರೆ ನರ್ಸಿಗೆ ಅನುಮಾನ ಬಂದೀತೆಂದು ಬಾಟಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಬೆಚ್ಚಗಿಟ್ಟಳು. ಇನ್ನು ಸೋಂಕು ಹುಡುಕಲು ರಕ್ತ ತೆಗೆಯುತ್ತಾರೆ, ಆ ರಕ್ತ ಮಾತ್ರ ತನ್ನದೇ. ಸೂಜಿ ಚುಚ್ಚುವವರಿಗೆ ಕಷ್ಟವಾಗದಿರಲೆಂದು ಅಂಗಿಯ ತೋಳನ್ನು ಬಿಚ್ಚಿ ಸಡಿಲವಾಗಿ ಹೊಲಿದುಕೊಂಡಳು. ಕಳ್ಳತನವಾದರೇನು, ಕೆಲಸ ಅಚ್ಚುಕಟ್ಟಾಗಿರಬೇಕು!

ಆಸ್ಪತ್ರೆಯ ಶೌಚಾಲಯದಲ್ಲಿ ಅಕ್ಕನ ಮೂತ್ರವನ್ನು ನರ್ಸ್ ಕೊಟ್ಟಿದ್ದ ಡಬ್ಬಿಗೆ ಸುರಿದು ಕೊಟ್ಟಳು. ನರ್ಸ್ ಕಡ್ಡಿ ಅದ್ದಿ ನೋಡಿ, "ಒಳ್ಳೇ ಸುದ್ದಿ ಕಣಮ್ಮಾ!" ಎಂದು ಬೆನ್ನು ತಟ್ಟಿದಳು. ಟೈಲರಮ್ಮ ಕನ್ನಡಿಯೆದುರು ಅಭ್ಯಾಸ ಮಾಡಿದ್ದಂತೆಯೇ ನಾಚಿದಳು.

"ಮಿಕ್ಕ ಪರೀಕ್ಷೇನೂ ಮಾಡ್ತೀವಿ, ಹೊರಗೆ ಕೂತಿರಿ."

ತೋಳು ಮೇಲಕ್ಕೆ ಮಡಚಿ ಬೆಂಚಿನ ಮೇಲೆ ಕುಳಿತಳು. ಒಂದು ಬಿಡಿಗಾಸೂ ಬಿಚ್ಚಿರಲಿಲ್ಲ. ತನ್ನ ಜಾಣತನಕ್ಕೆ ತನಗೇ ನಗು ಬಂತು.

ಕೊನೆಗೆ ನರ್ಸ್ ಒಳಗೆ ಕರೆದು ಬಾಗಿಲು ಮುಚ್ಚಿದಳು. "ಸೋಂಕಿದೆಯಮ್ಮಾ. ಹೆದರ್ಬೇಡಿ, ಮಾತ್ರೆಗೆ ವಾಸಿಯಾಗುತ್ತೆ. ಈಗಲೇ ಗೊತ್ತಾಗಿದ್ದು ಮಗೂಗೂ ಒಳ್ಳೇದೇ ಆಯ್ತು. ಆದ್ರೆ ನಿಮ್ಮ ಯಜಮಾನ್ರೂ ಮಾತ್ರೆ ತಗೋಬೇಕು, ಇವತ್ತೇ ಮನೇಲಿ ಹೇಳಿಬಿಡಿ."

"ಆದ್ರೆ ಸಿಸ್ಟರ್, ನನಗಿನ್ನೂ ಸೂಜೀನೇ ಚುಚ್ಚಿಲ್ವಲ್ಲ!" ಟೈಲರಮ್ಮ ತೋಳು ಚಾಚಿದಳು. ಇನ್ನು ಅಕ್ಕನ ಮುಂದೆ ಕೂತು, ಗುಲಾಬಿ ಗಿಡದಿಂದ ಹಿಡಿದು ಅಪ್ಪಟ ಚಿನ್ನದವರೆಗೆ ಎಲ್ಲವನ್ನೂ ತಾನೇ ಬಿಡಿಸಿ ಹೇಳಬೇಕಾಗುತ್ತದೆಂದು ಅವಳಿಗೆ ಹೊಳೆದದ್ದು ನರ್ಸ್ ನಗುತ್ತಾ ಆ ತೋಳನ್ನು ಕೆಳಗಿಳಿಸಿದಾಗ. "ಈ ಸೋಂಕಿಗೆ ಸೂಜಿ ಯಾಕಮ್ಮಾ? ಡಬ್ಬೀಲಿ ಕೊಟ್ರಲ್ಲ, ಅದರಲ್ಲೇ ನೋಡಿದ್ವಿ."