ಕಂಡಕ್ಟರಮ್ಮನ ಕೊನೆಯ ಪುಟಗಳು

ಕೊಲೆ ಮಾಡಿದವರು ಯಾರೆಂದು ಹೇಳುವ ಪುಟವೇ ಪುಸ್ತಕದಲ್ಲಿ ಇರಲಿಲ್ಲ.

ಬೈಂಡರಮ್ಮ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹರಿದದ್ದಲ್ಲ, ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದು. ಹದಿನೈದು ವರ್ಷದಿಂದ ಈ ಲೈಬ್ರರಿಯ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕಟ್ಟಿದವಳು ಅವಳು. ಲೈಬ್ರರಿಯನ್ ಅವಳ ಗಂಡ.

"ರೀ, ಇದನ್ನ ಯಾರು ತಗೊಂಡು ಹೋಗಿದ್ರು?"

ಗಂಡ ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಕಂಡಕ್ಟರಮ್ಮ."

"ಇದೊಂದೇನಾ?"

ಅವನು ಕೆಳಗಿನ ಡ್ರಾಯರ್ ಎಳೆದ. ಒಳಗೆ ಇನ್ನೂ ಐದು. ಐದಕ್ಕೂ ಕೊನೆಯ ಪುಟವಿಲ್ಲ.

"ಸಮಿತಿಯವರಿಗೆ ಗೊತ್ತಾದ್ರೆ ಆಕೆ ಕಾರ್ಡ್ ರದ್ದು ಮಾಡ್ತಾರೆ. ಅದಕ್ಕೇ ಎತ್ತಿಟ್ಟೆ."

ಬೈಂಡರಮ್ಮನಿಗೆ ಮೈಯೆಲ್ಲ ಉರಿಯಿತು. ಪುಸ್ತಕ ಕೆಟ್ಟಿದ್ದಕ್ಕಲ್ಲ, ಬಚ್ಚಿಟ್ಟಿದ್ದಕ್ಕೆ. ಯಾರಾದರೂ ಪುಟದ ಮೂಲೆ ಮಡಿಸಿದರೂ ಊರು ಒಂದು ಮಾಡುವ ಮನುಷ್ಯ ಇವನು!

ಕಂಡಕ್ಟರಮ್ಮ ಆರು ತಿಂಗಳ ಹಿಂದಿನವರೆಗೆ ಬಸ್ ಟಿಕೆಟ್ ಬಿಟ್ಟರೆ ಬೇರೇನೂ ಓದಿದವಳಲ್ಲ. ಆಮೇಲೆ ಲೈಬ್ರರಿ ಒಂದು ಯೋಜನೆ ತಂದಿತು. ವರ್ಷವಿಡೀ ತಿಂಗಳಿಗೊಂದು ಬಗೆಯ ಪುಸ್ತಕ, ಆರಿಸುವುದು ಲೈಬ್ರರಿಯನ್. "ಇವತ್ತು ಬಸ್ಸಲ್ಲಿ ಏನಾಯ್ತು?" ಎಂದು ಅವನು ಕೇಳುತ್ತಾನೆ. ಅವಳು ಕೈ ಆಡಿಸಿ ಹೇಳುತ್ತಾಳೆ. ಅದಕ್ಕೆ ತಕ್ಕದ್ದನ್ನು ಹುಡುಕಿ, ಮೊದಲಿಂದ ಕೊನೆವರೆಗೆ ಪುಟ ನೋಡಿ, ಕಂದು ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಪ್ರವಾಸ, ವಿಜ್ಞಾನ, ಕವಿತೆ, ನಾಟಕ, ಆತ್ಮಕಥೆ, ಈಗ ಪತ್ತೇದಾರಿ. ಇವತ್ತು ಏನಾಯ್ತು ಎಂದು ಹೆಂಡತಿಯನ್ನು ಅವನು ಹದಿನೈದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿದರು. ಲೈಬ್ರರಿ ಸಮಿತಿಯ ಅಧ್ಯಕ್ಷರು, ನಿವೃತ್ತ ಮೇಷ್ಟ್ರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಸಂಜೆ ಐದಕ್ಕೆ ಸಮಿತಿ ಇದೆ. ಆಕೆ ಇನ್ನು ಈ ಮೆಟ್ಟಿಲು ಹತ್ತಬಾರದು."

* * *

ಮಧ್ಯಾಹ್ನ ಡ್ಯೂಟಿ ಮುಗಿಸಿ ಕಂಡಕ್ಟರಮ್ಮ ಬಂದಳು. ಯೂನಿಫಾರ್ಮಿನ ಒಂದು ಗುಂಡಿ ಕಿತ್ತುಹೋಗಿ, ಅಲ್ಲಿ ಪಿನ್ನು ಚುಚ್ಚಿಕೊಂಡಿದ್ದಳು. ಬೈಂಡರಮ್ಮ ಕತ್ತರಿಸಿದ ಪುಸ್ತಕವನ್ನು ಅವಳ ಮುಂದಿಟ್ಟಳು.

"ನಾನ್ಯಾಕೆ ಕತ್ತರಿಸ್ಲಿ ಅಕ್ಕಾ? ಮೇಷ್ಟ್ರನ್ನ ಕೇಳಿ. ಪೇಪರ್ ಕತ್ತರಿಸೋಕೆ ಅಂತ ಜೇಬಲ್ಲೇ ಬ್ಲೇಡ್ ಇಟ್ಕೊಂಡಿರ್ತಾರೆ."

"ನಮ್ಮನೆಯವರು ಪುಟ ನೋಡೇ ಸುತ್ತಿದ್ದು. ನಿನ್ನ ಮನೇಲೇ ಹೋಗಿರೋದು. ಪುಟ ಇಲ್ಲ ಅಂತ ಗೊತ್ತಾದಾಗ ಏನ್ಮಾಡ್ದೆ?"

"ಸಾರ್ ಹತ್ರ ಓಡಿಬಂದೆ. ಕೊನೇಲಿ ಏನಾಯ್ತು ಅಂತ ಕೂರಿಸಿ ಹೇಳೋರು. ಅರ್ಧ ಗಂಟೆ! ಎಷ್ಟು ಚೆನ್ನಾಗಿ ಹೇಳ್ತಾರೆ ಅಂತೀರಾ?"

ಓಹೋ, ಹೀಗೋ ಸಮಾಚಾರ ಎಂದುಕೊಂಡಳು ಬೈಂಡರಮ್ಮ. ಆ ಅರ್ಧ ಗಂಟೆಗೋಸ್ಕರ ಇವಳೇ ಪುಟ ಕತ್ತರಿಸಿ ಈ ನಾಟಕ ಆಡಿದ್ದಾಳೆ. ಕಳ್ಳಿ ಸಿಕ್ಕಳೆಂದು ಒಳಗೊಳಗೇ ಖುಷಿಯಾಯಿತು.

"ಆರಕ್ಕೂ ಹಾಗೇ ಕೇಳಿದ್ಯಾ?"

"ಇಲ್ಲ. ನಾಟಕ, ಆತ್ಮಕಥೆ, ಈ ಪತ್ತೇದಾರಿ, ಅಷ್ಟೇ. ಉಳಿದಿದ್ದು ಹೋಗಿರೋದೇ ಗೊತ್ತಾಗ್ಲಿಲ್ಲ."

"ಗುಂಡಿ ಯಾಕೆ ಹಾಗೆ? ನಿನ್ನ ಗಂಡ ಟೈಲರ್ ಅಲ್ವಾ?"

"ನಂಗೆ ಸೂಜಿ ಹಿಡಿಯೋಕೇ ಬರಲ್ಲ. ಅವರೋ, ಟೈಮಿಲ್ಲ ಅಂತಾರೆ." ಕಂಡಕ್ಟರಮ್ಮ ಚೀಲದಿಂದ ಲೈಬ್ರರಿ ಕಾರ್ಡ್ ತೆಗೆದು ಮುಂದೆ ಹಿಡಿದಳು. "ಅಕ್ಕಾ, ಇನ್ನೂ ಆರು ಬಗೆ ಬಾಕಿ ಇದೆ. ಕಾರ್ಡ್ ಕಿತ್ಕೊಂಡ್ರೆ ನಾನು ಮತ್ತೆ ಬರೀ ಟಿಕೆಟ್ ಓದ್ಕೊಂಡಿರ್ಬೇಕು."

* * *

ಬೈಂಡರಮ್ಮ ಆರೂ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡಳು. ಎಲ್ಲ ಅವಳ ಕೈಯಲ್ಲೇ ಹೊಲಿಸಿಕೊಂಡವು. ಪ್ರವಾಸದ ಪುಸ್ತಕದ ಕೊನೆಯಲ್ಲಿ ಇದ್ದದ್ದು ನಕ್ಷೆ. ವಿಜ್ಞಾನದ್ದರಲ್ಲಿ ಪದಸೂಚಿ. ಕವಿತೆಯದರಲ್ಲಿ ಮೊದಲ ಸಾಲುಗಳ ಪಟ್ಟಿ. ಇವನ್ನು ಕತ್ತರಿಸಿ ಯಾರಿಗೆ ಏನು ಲಾಭ?

ಪುಸ್ತಕದ ಬೆನ್ನು ಬಿಚ್ಚಿ ನೋಡಿದಳು. ಒಳಗೆ ಒಂದು ದಾರ ಕಂಡಿತು, ಅವಳು ಹಾಕಿದ್ದಲ್ಲದ ದಾರ.

ಆ ದಾರ ಕಿತ್ತು ಬಿಸಾಕಿ ಸುಮ್ಮನಿದ್ದರೆ ಸಾಕಿತ್ತು. ಐದು ಗಂಟೆಗೆ ಕಂಡಕ್ಟರಮ್ಮ ತಾನಾಗಿ ತೊಲಗುತ್ತಿದ್ದಳು. ಬೈಂಡರಮ್ಮ ಕತ್ತರಿ ಕೈಗೆ ತೆಗೆದುಕೊಂಡಳು ಕೂಡ. ಆದರೆ ಹಾಗೆ ಮಾಡಿದರೆ ತನಗೂ ಪುಟ ಕದ್ದವರಿಗೂ ಏನು ವ್ಯತ್ಯಾಸ? ತನ್ನನ್ನೇ ಬೈದುಕೊಂಡು ಕತ್ತರಿಯನ್ನು ಕೆಳಗಿಟ್ಟಳು. ಟೈಲರ್ ಅಂಗಡಿಗೆ ಫೋನ್ ಮಾಡಿದಳು.

"ಲೈಬ್ರರಿಗೆ ಪರದೆ ಹೊಲಿಸ್ಬೇಕು. ಅಳತೆ ಪುಸ್ತಕ ತಗೊಂಡು ಐದಕ್ಕೆ ಬನ್ನಿ." ಟೈಲರ್ ತನ್ನ ಕಾಗದವನ್ನೆಲ್ಲ ಅದರೊಳಗೇ ಇಡುವುದನ್ನು ಅವಳು ನೋಡಿದ್ದಳು.

* * *

ಓದುವ ಕೋಣೆಯಲ್ಲಿ ಮೇಷ್ಟ್ರು, ಲೈಬ್ರರಿಯನ್, ಕಂಡಕ್ಟರಮ್ಮ ಕೂತಿದ್ದರು. ಟೈಲರ್ ಕಿಟಕಿಯ ಬಳಿ ಟೇಪು ಹಿಡಿದು ನಿಂತಿದ್ದ.

"ಕತ್ತರಿಸಿದ್ದು ಓದೋ ಜನ ಅಲ್ಲ," ಎಂದಳು ಬೈಂಡರಮ್ಮ. "ಎಲ್ಲ ಪುಸ್ತಕದ ಗುಟ್ಟೂ ಕೊನೆ ಪುಟದಲ್ಲೇ ಇರತ್ತೆ ಅಂದ್ಕೊಂಡಿದ್ದಾರೆ. ನಾಲ್ಕು ಪುಸ್ತಕ ಓದಿದವರು ಪದಸೂಚಿ ಕದೀತಾರಾ?"

"ಇಷ್ಟೇನಾ ಸಾಕ್ಷಿ?" ಮೇಷ್ಟ್ರು ಹುಬ್ಬೇರಿಸಿದರು.

"ಇನ್ನೂ ಇದೆ. ಹೊಲಿದ ಪುಸ್ತಕದಲ್ಲಿ ಹಾಳೆಗಳು ಜೋಡಿ ಜೋಡಿ, ಒಂದೇ ಕಾಗದ ಮಡಿಸಿದ್ದು. ಒಂದನ್ನ ಕತ್ತರಿಸಿದ್ರೆ ಅದರ ಜೋಡಿ ಸಡಿಲಾಗಿ ಉದುರಬೇಕು. ಇಲ್ಲಿ ಒಂದೂ ಉದುರಿಲ್ಲ. ಯಾರೋ ಸಣ್ಣ ಹೊಲಿಗೆ ಹಾಕಿದ್ದಾರೆ."

"ಕಳ್ಳ ಯಾಕ್ರೀ ಹೊಲೀತಾನೆ?"

"ಕೈ ಕೇಳಲ್ಲ ಸಾರ್. ಬಿಚ್ಚಿಕೊಂಡಿದ್ದನ್ನ ಹಾಗೇ ಬಿಡೋಕೆ ಟೈಲರ್‌ಗೆ ಆಗಲ್ಲ. ಹಳದಿ ಕಾಗದಕ್ಕೆ ಹೊಂದೋ ದಾರಾನೂ ಹುಡುಕಿದ್ದಾರೆ ನೋಡಿ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಟೈಲರ್ ಅಳತೆ ಪುಸ್ತಕ ತೆರೆದ. ಆರು ಹಾಳೆಗಳನ್ನು ಮೇಜಿನ ಮೇಲಿಟ್ಟ.

"ಮನೇಲಿ ಮೂರು ಹೊತ್ತೂ ಸಾರ್ ಹಾಗಂದ್ರು, ಸಾರ್ ಹೀಗಂದ್ರು. ಹೊಟ್ಟೆ ಉರೀತು. ಪುಸ್ತಕ ಮುಗಿದ್ರೆ ತಾನೇ ಇಲ್ಲಿಗೆ ಓಡಿ ಬರೋದು? ಕೊನೇನೇ ಇಲ್ಲದಿದ್ರೆ ಓಡಲ್ಲ ಅಂದ್ಕೊಂಡೆ." ಅಳತೆ ಪುಸ್ತಕ ಮುಚ್ಚಿದ. "ಇನ್ನೂ ಜೋರಾಗಿ ಓಡಿದ್ಲು."

ಮೇಷ್ಟ್ರು ರಿಜಿಸ್ಟರ್ ತಿರುವಿ ಪೇಚಾಡಿದರು. "ಇವನ ಕಾರ್ಡ್ ರದ್ದು ಮಾಡೋಣ ಅಂದ್ರೆ ಇವನಿಗೆ ಕಾರ್ಡೇ ಇಲ್ಲವಲ್ಲ!" ಕೊನೆಗೆ ಆರೂ ಪುಟಗಳನ್ನು ಅವನೇ ಕೂತು ಹೊಲಿದು ಕೊಡಬೇಕೆಂದು ತೀರ್ಪಾಯಿತು. ಕಂಡಕ್ಟರಮ್ಮನ ಕಾರ್ಡು ಉಳಿಯಿತು.

ಕಂಡಕ್ಟರಮ್ಮ ಹಾಳೆಗಳ ಮೇಲೆ ಬೆರಳಿಟ್ಟು ಗಂಡನ ಕಡೆ ತಿರುಗಿದಳು. "ಇವನ್ನ ಓದಿದ್ರಾ?"

"ಓದ್ದೆ. ಕೊಲೆ ಮಾಡಿದ್ದು ಅಡುಗೆಯವನು ಅಂತ ಗೊತ್ತು. ಸತ್ತಿದ್ದು ಯಾರು ಅಂತ ಗೊತ್ತಿಲ್ಲ."

"ಕೂತ್ಕೊಳ್ಳಿ. ಮೊದಲಿಂದ ಹೇಳ್ತೀನಿ."

ಲೈಬ್ರರಿಯನ್ ನಡುವೆ ಏನೋ ಸೇರಿಸಲು ಬಾಯಿ ತೆರೆದ. "ನೀವು ಸುಮ್ನಿರಿ ಸಾರ್," ಎಂದಳು ಕಂಡಕ್ಟರಮ್ಮ. ಟೈಲರ್ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕಣ್ಣು ಮಿಟುಕಿಸದೆ ಕೇಳತೊಡಗಿದ.

ಬೈಂಡರಮ್ಮನಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಬೆಳಗ್ಗೆಗಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಗಂಡನ ಕಡೆ ನೋಡಿದಳು. ಅವನು ಪುಟಗಳನ್ನು ಎಣಿಸುತ್ತಿದ್ದ. ತನಗಾಗಿ ಯಾರೂ ಇದುವರೆಗೆ ಒಂದು ಹಾಳೆಯನ್ನೂ ಕದ್ದಿರಲಿಲ್ಲ.